ದುರ್ಗವೂ ಶೃಂಗೇರಿಯೂ

ಕ್ರಿ.ಶ. 1779ರಲ್ಲಿ ನವಾಬ ಹೈದರಾಲಿಯು ಚಿತ್ರದುರ್ಗವನ್ನು ಹಿಡಿದು, ಮದಕರಿನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ದನು. ನಾಯಕರ ಆಳಿಕೆಯು ಅಲ್ಲಿಗೆ ಮುಗಿಯಿತು. ಉಪಾಧ್ಯಾಯನಾಗಿದ್ದಾಗ ನಾನು ಮಕ್ಕಳಿಗೆ ಇಷ್ಟನ್ನು ಮಾತ್ರ ಹೇಳುತ್ತಿದ್ದೆನು.

ಹನ್ನೆರಡು ವರ್ಷಗಳ ತರುವಾಯ, 1791ರಲ್ಲಿ, ಮರಾಠರ ದಂಡಿನವರು ಶೃಂಗೇರಿಯ ಮಠವನ್ನು ಸುಲಿದು ಶಾರದೆಯ ವಿಗ್ರಹವನ್ನು ಸ್ಥಾನದಿಂದ ಕದಲಿಸಿದರು. ಸ್ವಾಮಿಗಳು ತಮ್ಮ ದುಃಖವನ್ನು ಬರೆದು ತಿಳಿಸಿದ್ದು ಹೈದರನ ಮಗನಾದ ಟೀಪು ಸುಲ್ತಾನನಿಗೆ. ಆತನು ಪುನಃಪ್ರತಿಷ್ಠೆಗೆ ದ್ರವ್ಯಸಹಾಯವನ್ನು ಮಾಡಿಸಿದನು. ಆತನ ಕಾಗದಗಳು ಕನ್ನಡದಲ್ಲಿವೆ. ಒಂದರಲ್ಲಿ ಸಂಸ್ಕೃತ ಸುಭಾಷಿತವೂ ಉಂಟು. 1916ರಲ್ಲಿ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದರು.

ದುರ್ಗದ ದುಃಖವನ್ನು ಮರೆಯಿರೆಂದು ನಾನು ಹೇಳಲಾರೆನು. ಶೃಂಗೇರಿಯ ಕಾಗದಗಳನ್ನು ತೋರಿಸಿ ಅದನ್ನು ಮರೆಸುವುದೂ ಸಲ್ಲದು. ವಾಚಕರು ಮನೆಯ ಮಕ್ಕಳಿಗೆ ಎರಡನ್ನೂ ಹೇಳಬೇಕು. ನಾನು ಅರ್ಧವನ್ನೇ ಹೇಳಿ ನಿವೃತ್ತನಾದೆನು.