ಅನೋವಾ (ವೇರಿಯನ್ಸ್ ವಿಶ್ಲೇಷಣೆ)

ಮೂರು ಅಥವಾ ಹೆಚ್ಚು ಗುಂಪುಗಳ ಸರಾಸರಿಗಳಲ್ಲಿ ಕಂಡ ಅಂತರ ನಿಜವೋ ಆಕಸ್ಮಿಕವೋ ಎಂದು ಒಂದೇ ಬಾರಿಗೆ ಪರೀಕ್ಷಿಸುವ ಸಂಖ್ಯಾಶಾಸ್ತ್ರೀಯ ವಿಧಾನ. ಎಲ್ಲ ಗುಂಪುಗಳ ಸರಾಸರಿಯೂ ಒಂದೇ ಎಂಬುದು ಇದರ ಶೂನ್ಯ ಪ್ರಾಕಲ್ಪನೆ. ಇದರ ಬದಲು ಐದು ಗುಂಪುಗಳನ್ನು ಎರಡೆರಡಾಗಿ ಹೋಲಿಸಲು 10 ಟಿ-ಪರೀಕ್ಷೆಗಳು ಬೇಕು. ಒಂದೊಂದರಲ್ಲೂ ಶೇ 5ರಷ್ಟು ತಪ್ಪಿಗೆ ಅವಕಾಶವಿದ್ದು, ಅವು ಪರಸ್ಪರ ಸ್ವತಂತ್ರವಾಗಿದ್ದರೆ, ಇಲ್ಲದ ವ್ಯತ್ಯಾಸ ಎಲ್ಲಾದರೂ ಇದೆಯೆಂದು ತೋರುವ ಸಂಭವ ಸುಮಾರು ಶೇ 40ಕ್ಕೆ ಏರುತ್ತದೆ.

ಇತಿಹಾಸ

‘ವೇರಿಯನ್ಸ್’ (ಅಳತೆಗಳ ಚದುರುವಿಕೆಯ ಪ್ರಮಾಣ) ಎಂಬ ಪದವನ್ನು ಆರ್. ಎ. ಫಿಶರ್ 1918ರ ಅನುವಂಶೀಯತೆಯ ಪ್ರಬಂಧದಲ್ಲಿ ಬಳಕೆಗೆ ತಂದರು. 1919ರಲ್ಲಿ ಅವರು ಸೇರಿದ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆದುಬಂದ ಪ್ರಯೋಗಗಳ ಇಳುವರಿ ದಾಖಲೆ ರಾಶಿಬಿದ್ದಿತ್ತು. ವಿನಿಫ್ರೆಡ್ ಮೆಕೆಂಜಿ ಅವರೊಡನೆ 1923ರಲ್ಲಿ ಪ್ರಕಟಿಸಿದ ಆಲೂಗೆಡ್ಡೆ ಅಧ್ಯಯನದಲ್ಲಿ ಅನೋವಾ ಕೋಷ್ಟಕ ಕಾಣಿಸಿಕೊಂಡಿತು. ಅಲ್ಲಿದ್ದದ್ದು 12 ತಳಿಗಳು, ಮೂರು ಬಗೆಯ ಪೊಟ್ಯಾಶ್ ಉಪಚಾರ (ಸಲ್ಫೇಟ್, ಕ್ಲೋರೈಡ್, ಪೊಟ್ಯಾಶ್ ಇಲ್ಲದ್ದು), ಜೊತೆಗೆ ಸಗಣಿ ಗೊಬ್ಬರ ಹಾಕಿದ ಮತ್ತು ಹಾಕದ ಭಾಗಗಳು. ಗೊಬ್ಬರಕ್ಕೆ ತಳಿಗಳು ಬೇರೆ ಬೇರೆ ರೀತಿ ಸ್ಪಂದಿಸುತ್ತವೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಆ ಲೆಕ್ಕದಲ್ಲಿ ಒಂದು ದೋಷವಿತ್ತು: ದೊಡ್ಡ ತಾಕುಗಳೊಳಗೆ ಉಪತಾಕುಗಳಿದ್ದರೂ ಎಲ್ಲಕ್ಕೂ ಒಂದೇ ದೋಷಾಂಶ ಬಳಸಲಾಗಿತ್ತು. 1925ರ ತಮ್ಮ ಗ್ರಂಥದಲ್ಲಿ ಫಿಶರ್ ತಾಕು ಮತ್ತು ಉಪತಾಕುಗಳ ದೋಷಾಂಶಗಳನ್ನು ಬೇರ್ಪಡಿಸಿದರು. ಪರೀಕ್ಷೆಗೆ ಅವರು ಬಳಸಿದ್ದು ವೇರಿಯನ್ಸ್ ಅನುಪಾತದ ಲಾಗರಿದಮ್‌ನ ಅರ್ಧ. ನೇರ ಅನುಪಾತಕ್ಕೆ ಅವರ ಗೌರವಾರ್ಥ ‘ಎಫ್’ ಎಂದು ಹೆಸರಿಟ್ಟವರು ಅಮೆರಿಕದ ಅಯೋವಾದ ಸ್ನೆಡೆಕರ್ (1934).

ಲೆಕ್ಕ

ಮೂರು ಗುಂಪುಗಳ ಅಳತೆ 4, 5, 6; 6, 7, 8; 8, 9, 10 ಎಂದಿರಲಿ. ಸರಾಸರಿಗಳು 5, 7, 9. ಒಟ್ಟು ಸರಾಸರಿ 7. ಗುಂಪುಗಳ ನಡುವಿನ ವರ್ಗಮೊತ್ತ (ಸರಾಸರಿಯಿಂದಿರುವ ಅಂತರಗಳ ವರ್ಗಗಳ ಮೊತ್ತ) 24, ಅದನ್ನು 2ರಿಂದ (ಗುಂಪುಗಳ ಸಂಖ್ಯೆಗಿಂತ ಒಂದು ಕಡಿಮೆ) ಭಾಗಿಸಿದರೆ 12. ಗುಂಪುಗಳ ಒಳಗಿನ ವರ್ಗಮೊತ್ತ 6, ಅದನ್ನು 6ರಿಂದ (ಒಟ್ಟು ಅಳತೆ 9, ಕಳೆದು 3) ಭಾಗಿಸಿದರೆ 1. ಇವೆರಡರ ಅನುಪಾತವಾದ ಎಫ್ ಬೆಲೆ 12. ಶೇ 5ರ ಮಟ್ಟದ ಕೋಷ್ಟಕ ಬೆಲೆ 5.14 ಆದ್ದರಿಂದ ಶೂನ್ಯ ಪ್ರಾಕಲ್ಪನೆಯನ್ನು ತಿರಸ್ಕರಿಸಬೇಕು.

ಮಿತಿಗಳು

ಅಳತೆಗಳು ಪರಸ್ಪರ ಸ್ವತಂತ್ರವಾಗಿರಬೇಕು. ಗುಂಪುಗಳ ವೇರಿಯನ್ಸ್ ಹೆಚ್ಚುಕಡಿಮೆ ಸಮವಿರಬೇಕು. ಸಮವಿಲ್ಲದಿದ್ದರೆ ವೆಲ್ಚ್ ವಿಧಾನ (1951), ಹಂಚಿಕೆ ತೀರ ಓರೆಯಾಗಿದ್ದರೆ ಕ್ರಸ್ಕಲ್–ವಾಲಿಸ್ ಪರೀಕ್ಷೆ (1952) ಸಾಮಾನ್ಯವಾಗಿ ಮೇಲು.

ಭಾರತದಲ್ಲಿ

ಪಾನ್ಸೆ ಮತ್ತು ಸುಖಾತ್ಮೆ ಅವರ 1954ರ ಪಠ್ಯ ಕೃಷಿ ಸಂಶೋಧಕರಲ್ಲಿ ಈ ವಿಧಾನವನ್ನು ರೂಢಿಗೆ ತಂದಿತು. ಕರ್ನಾಟಕದ ಕೃಷಿ ಪ್ರಬಂಧಗಳ ಕೋಷ್ಟಕದಡಿ ಕಾಣುವ ‘ಸಿ.ಡಿ.’ (ನಿರ್ಣಾಯಕ ಅಂತರ) ಈ ವಿಶ್ಲೇಷಣೆಯಿಂದಲೇ ಬಂದದ್ದು. ಎಫ್ ಪರೀಕ್ಷೆ ಯಾವ ಗುಂಪು ಬೇರೆ ಎಂದು ಹೇಳುವುದಿಲ್ಲ; ಅದನ್ನು ಗುರುತಿಸಲು ಸಿ.ಡಿ. ಬಳಸುತ್ತಾರೆ. ಆದರೆ ಎಫ್ ಸಾರ್ಥಕವಾಗದಿದ್ದಲ್ಲಿ ಸಿ.ಡಿ. ಹಿಡಿದು ತಳಿಗಳನ್ನು ಶ್ರೇಣೀಕರಿಸುವುದು ಸಲ್ಲದು.