ಹಳ್ಳಿಯ ವೈದ್ಯನ ಕೈಹೊತ್ತಗೆ

ಹಳಗನ್ನಡವೆಂದೊಡನೆ ನಮಗೆ ಪಂಪ ರನ್ನರು ನೆನಪಾಗುವುದು ಸಹಜವಷ್ಟೆ. ಆದರೆ ಅದೇ ಭಾಷೆಯಲ್ಲಿ ಹಾವಿನ ಕಡಿತಕ್ಕೂ ಚೇಳಿನ ಕುಟುಕಿಗೂ ದನಕರುಗಳ ರೋಗಕ್ಕೂ ಮದ್ದು ಹೇಳಿದ ಗ್ರಂಥಕರ್ತರು ಹಲವರು ಆಗಿಹೋಗಿದ್ದಾರೆ. ಸಾಹಿತ್ಯಚರಿತ್ರೆಯ ಪುಸ್ತಕಗಳಲ್ಲಿ ಇವರಿಗೆ ದೊರೆಯುವುದು ಒಂದೆರಡು ಸಾಲು. ವಾಚಕರು ಅವರ ಕಡೆಗೂ ಸ್ವಲ್ಪ ಕಣ್ಣು ಹಾಯಿಸಬೇಕೆಂದು ನನ್ನ ಬಿನ್ನಹ.

ಈ ಗ್ರಂಥಗಳು ಯಾತಕ್ಕಾಗಿ ಹುಟ್ಟಿದುವು? ಚರಕ, ಸುಶ್ರುತ, ವಾಗ್ಭಟರ ಶಾಸ್ತ್ರವೆಲ್ಲ ಸಂಸ್ಕೃತದಲ್ಲಿತ್ತು. ಅರಮನೆಯಲ್ಲಿಯೋ ಅಗ್ರಹಾರದಲ್ಲಿಯೋ ಇದ್ದ ಪಂಡಿತವೈದ್ಯನಿಗೆ ಅದು ಕೈವಶವಾಗಿತ್ತು. ಗದ್ದೆಯ ಬದುವಿನಲ್ಲಿ ಹಾವು ಕಚ್ಚಿಸಿಕೊಂಡ ಒಕ್ಕಲಿಗನ ಬಳಿಗೆ ಓಡಿಬರುವವನು ಆ ಪಂಡಿತನಲ್ಲ. ಊರಿನಲ್ಲಿಯೇ ಇದ್ದು, ನಾಲ್ಕು ಬೇರು ನಾರು ಬಲ್ಲ, ಕನ್ನಡವೊಂದನ್ನೇ ಓದಬಲ್ಲ ನಾಟಿವೈದ್ಯ. ಅಂಥವನ ಕೈಗೆ ಶಾಸ್ತ್ರ ಸಿಕ್ಕಬೇಕಾದರೆ ಅದು ಕನ್ನಡಕ್ಕೆ ಬರಲೇಬೇಕಾಗಿತ್ತು.

ಸುಮಾರು 1125ರ ವೇಳೆಗೆ ಚಾಲುಕ್ಯ ರಾಜವಂಶದ ಕೀರ್ತಿವರ್ಮ 'ಗೋವೈದ್ಯ'ವನ್ನು ಬರೆದನು. ರಾಜಕುಮಾರನೊಬ್ಬನು ಹಸುವಿನ ರೋಗವನ್ನು ಕುರಿತು ಗ್ರಂಥ ಬರೆದನೆಂಬುದೇ ಮೆಚ್ಚತಕ್ಕ ಸಂಗತಿ. 1150ರ ಸುಮಾರಿಗೆ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಿಸಿದನು. ಸುಮಾರು 1300ರ ಅಮೃತನಂದಿಯದು ಇನ್ನೊಂದು ಬಗೆಯ ಉಪಕಾರ: ವೈದ್ಯಪದಗಳನ್ನು ಅಕಾರಾದಿಯಾಗಿ ಜೋಡಿಸಿ ಕನ್ನಡದಲ್ಲಿ ಅರ್ಥ ಹೇಳುವ ನಿಘಂಟು. ಗುಡೂಚಿಯೆಂದು ಶ್ಲೋಕದಲ್ಲಿ ಓದಿದವನಿಗೆ ಅದು ತನ್ನ ಬೇಲಿಯ ಮೇಲೆ ಹಬ್ಬಿರುವ ಅಮೃತಬಳ್ಳಿಯೇ ಎಂದು ತಿಳಿಯದಿದ್ದರೆ ಶ್ಲೋಕದಿಂದ ಪ್ರಯೋಜನವೇನು?

ಇವೆಲ್ಲವುಗಳಲ್ಲಿ ನನಗೆ ಬಹು ಪ್ರಿಯವಾದುದು ಮಂಗರಾಜನ 'ಖಗೇಂದ್ರಮಣಿದರ್ಪಣ'. ಕಾಲ ಸುಮಾರು 1360, ಎಂದರೆ ವಿಜಯನಗರದ ಆರಂಭದ ದಿನಗಳು. ಖಗೇಂದ್ರನೆಂದರೆ ಹಾವುಗಳ ವೈರಿಯಾದ ಗರುಡ. ಹೆಸರೇ ವಿಷಯವನ್ನು ಸೂಚಿಸುತ್ತದೆ. ಗಿಡಮರ ಖನಿಜಗಳಲ್ಲಿರುವ ಸ್ಥಾವರವಿಷ, ಪ್ರಾಣಿಗಳಲ್ಲಿರುವ ಜಂಗಮವಿಷ ಎಂಬ ವಿಭಾಗ. ಹಾವು, ಚೇಳು, ಇಲಿ ಮೊದಲಾದವುಗಳ ವಿಷ, ಅವುಗಳ ಲಕ್ಷಣ, ಅವುಗಳಿಗೆ ಮದ್ದು. ಮದ್ದಿನ ಜೊತೆಗೆ ಮಂತ್ರವೂ ಉಂಟೆನ್ನಿ.

ಇದನ್ನು ಪದ್ಯದಲ್ಲಿ ಏಕೆ ಬರೆಯಬೇಕಾಗಿತ್ತೆಂದು ಕೆಲವರು ಕೇಳುವುದುಂಟು. ಓಲೆಯ ಗ್ರಂಥ ಎಲ್ಲರ ಮನೆಯಲ್ಲಿ ಇರುವ ವಸ್ತುವಲ್ಲ. ನಡುರಾತ್ರಿ ಕದ ತಟ್ಟಿ ಕರೆದಾಗ ಕಟ್ಟು ಬಿಚ್ಚಿ ಓಲೆ ಹುಡುಕುವಷ್ಟು ಹೊತ್ತೂ ಇರುವುದಿಲ್ಲ. ಬಾಯಿಪಾಠವಾದ ಕಂದಪದ್ಯ ಕತ್ತಲಲ್ಲಿಯೂ ಒದಗುತ್ತದೆ. ಇನ್ನೊಂದು ಗುಣವನ್ನೂ ಹೇಳಬೇಕು. ಕಂದಕ್ಕೆ ಮಾತ್ರೆಗಳು ಅರುವತ್ತನಾಲ್ಕೇ. ಪ್ರತಿ ಮಾಡುವವನು ಒಂದು ಪದವನ್ನು ನುಂಗಿದರೆ ಛಂದಸ್ಸು ಕುಂಟಿ, ಕಳ್ಳತನ ಬಯಲಾಗುತ್ತದೆ. ಮದ್ದಿನ ವಿಷಯದಲ್ಲಿ ಇದು ಸಣ್ಣ ಕಾವಲಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಬಿಡುವಂತಿಲ್ಲ. ಹಾವಿನ ವಿಷ ಮೈಗೇರಿದವನಿಗೆ ಈ ಗ್ರಂಥಗಳ ಬೇರುಬೊಗಟೆಯನ್ನು ನಂಬಿ ಕೂರತಕ್ಕದ್ದಲ್ಲ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1895ರ ಸುಮಾರಿಗೆ ಪ್ರತಿವಿಷದ ಸೀರಂ ಸಿದ್ಧಪಡಿಸಿದ ಮೇಲೆಯೇ ನಿಜವಾದ ಮದ್ದು ದೊರೆತದ್ದು. ಕಚ್ಚಿದೆಡೆಯ ಮೇಲೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಸುಶ್ರುತನ ಕಾಲದಿಂದ ಬಂದ ವಿಧಾನ. ಅದರಿಂದ ಕೇಡೇ ಹೆಚ್ಚೆಂದು ಈಗ ತಿಳಿದಿದೆ. ಕಚ್ಚಿದ ಅಂಗವನ್ನು ಅಲುಗಿಸದೆ, ತಡಮಾಡದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕೆಂಬುದೇ ಇಂದಿನ ಶಾಸ್ತ್ರ.

ಆದರೆ ಆಸ್ಪತ್ರೆಯನ್ನು ಮುಟ್ಟುವವರೆಷ್ಟು ಮಂದಿ? 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರಲ್ಲಿ ನೂರಕ್ಕೆ 97 ಮಂದಿ ಹಳ್ಳಿಯವರು. 77 ಮಂದಿ ಆಸ್ಪತ್ರೆಯ ಹೊರಗೇ ತೀರಿಕೊಂಡವರು. 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹೀಗೆ ಸತ್ತರೆಂದು 2020ರ ಇನ್ನೊಂದು ಅಧ್ಯಯನ ಅಂದಾಜು ಮಾಡಿತು. ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಪ್ರಕರಣವೆಂದು 2024ರಲ್ಲಿ ಸಾರಿತು. ಆದರೂ ಹಳ್ಳಿಯಲ್ಲಿ ರೋಗಿಯನ್ನು ಮೊದಲು ನೋಡುವುದು ಆಶಾ ಕಾರ್ಯಕರ್ತೆಯೋ, ದಾದಿಯೋ, ಹಳೆಯ ನಾಟಿವೈದ್ಯನೋ ಆಗಿರುವುದುಂಟು. ಆ ಗಳಿಗೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಅವರ ಬಾಯಿಗೆ ಬರುವಷ್ಟು ತಿಳಿಯಾದ ಕನ್ನಡದಲ್ಲಿ ಅವರ ಬಳಿ ಇರಬೇಕು. ಮಂಗರಾಜನು ಮಾಡಿದ ಕೆಲಸ ಈ ಅರ್ಥದಲ್ಲಿ ಇನ್ನೂ ಮುಗಿದಿಲ್ಲ.

ಅಂಥ ಕೈಪಿಡಿ ಬರೆಯುವವರು ಹಳೆಯ ಪದಗಳನ್ನು ಅಲಕ್ಷಿಸಲಾಗದು. ಸುಶ್ರುತನು ವಿಷದ ಹಾವುಗಳಲ್ಲಿ ಹೆಡೆಯುಳ್ಳ ದರ್ವೀಕರ, ಬಳೆಬಳೆಯ ಮಚ್ಚೆಗಳ ಮಂಡಲಿ, ಗೆರೆಗಳುಳ್ಳ ರಾಜಿಮಂತ ಎಂದು ಮುಖ್ಯವಾಗಿ ಮೂರು ಬಗೆ ಹೇಳಿದನು. ಕೊಳಕುಮಂಡಲವೆಂದು ನಮ್ಮ ರೈತ ಇಂದಿಗೂ ಕರೆಯುವ ಹೆಸರಿನಲ್ಲಿ ಆ ಮಂಡಲಿಯೇ ಹರಿದಾಡುತ್ತಿದೆ! ಇಂದು ಭಾರತದಲ್ಲಿ ಕೊಡುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಒಗ್ಗುವಂಥದು. ಪುಸ್ತಕದಲ್ಲಿ 'ರಸೆಲ್ಸ್ ವೈಪರ್' ಎಂದಷ್ಟೇ ಬರೆದರೆ ಹೊಲದಲ್ಲಿ ಕೆಲಸಮಾಡುವವರಿಗೆ ಅದು ಮತ್ತೊಂದು ಸಂಸ್ಕೃತವೇ ಸರಿ. ಕಟ್ಟುಹಾವಿಗಂತೂ ಸೀಮೆಗೊಂದು ಹೆಸರು. ಅದು ಕಚ್ಚಿದೆಡೆಯಲ್ಲಿ ಊತವಾಗಲಿ ನೋವಾಗಲಿ ಹೆಚ್ಚಾಗಿ ಕಾಣದೆ, ಕೆಲವು ಗಂಟೆಗಳಾದ ಮೇಲೆ ರೆಪ್ಪೆ ಜೋತುಬಿದ್ದು ಉಸಿರು ಕಟ್ಟಲು ತೊಡಗಬಹುದು. ಮಲಗಿದ್ದಾಗ ಕಚ್ಚಿಸಿಕೊಂಡವನು ಹಾವನ್ನು ನೋಡಿಯೇ ಇರುವುದಿಲ್ಲ. ಜೋತುಬಿದ್ದ ರೆಪ್ಪೆಯನ್ನು ನಿದ್ದೆಗಣ್ಣೆಂದು ಮನೆಯವರು ತಿಳಿಯುವ ಮೊದಲೇ ಯಾರಾದರೊಬ್ಬರಿಗೆ ಗುರುತು ಸಿಕ್ಕಬೇಕು. ಆ ಲಕ್ಷಣಗಳನ್ನೂ, ಆಯಾ ಸೀಮೆಯ ಹೆಸರುಗಳನ್ನೂ ಅಮೃತನಂದಿಯಂತೆ ಅಕಾರಾದಿಯಾಗಿ ಜೋಡಿಸಿ ಕೊಡುವ ಕೆಲಸಕ್ಕೆ ವೈದ್ಯರ ಜೊತೆಗೆ ಒಬ್ಬ ಕನ್ನಡ ಪಂಡಿತನೂ ಕುಳಿತರೆ ತಪ್ಪೇನಿಲ್ಲ.