ಅರಿವಳಿಕೆಯೂ ಮುಪ್ಪಿನ ಮರುಳೂ
ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ರಾತ್ರಿ ನಮ್ಮ ತಾಯಿ ನನ್ನನ್ನೇ “ಯಾರಪ್ಪಾ ನೀನು?” ಎಂದು ಕೇಳಿದರು. ಪೂರ್ತಿ ಎಚ್ಚರ ತಪ್ಪಿಸದೆ ಬೆನ್ನಿಗೆ ಸೂಜಿ ಹಾಕಿಸಿದ್ದರೆ ಹೀಗಾಗುತ್ತಿರಲಿಲ್ಲವೆಂದು ಕೊರಗಿದೆ.

ಈ ಕೊರಗು ಹಳೆಯದು. 1846ರಲ್ಲಿ ಬಾಸ್ಟನ್ನಿನಲ್ಲಿ ಮಾರ್ಟನ್ ಈಥರಿನ ಮಹಿಮೆ ತೋರಿಸಿದನಷ್ಟೆ. 1887ರಲ್ಲಿಯೇ ಲಂಡನ್ನಿನ ಮನೋವೈದ್ಯ ಜಾರ್ಜ್ ಸ್ಯಾವೇಜ್, ಅರಿವಳಿಕೆಯ ಬೆನ್ನಿಗೇ ಬುದ್ಧಿ ಕೆಟ್ಟವರ ವಿಚಾರ ಬರೆದ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬೀರ್, ಬೆನ್ನಿಗೆ ಕೊಕೇನ್ ಚುಚ್ಚಿ, ಎಚ್ಚರವಿರುವಂತೆಯೇ ನೋವಳಿಸುವ ದಾರಿ ತೆರೆದ. 1955ರಲ್ಲಿ ಬೆಡ್‌ಫರ್ಡ್ ಎಂಬ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ವೃದ್ಧರಿಗೆ ತೀರ ಅಗತ್ಯವಿದ್ದರಷ್ಟೇ ಶಸ್ತ್ರಚಿಕಿತ್ಸೆಯೆಂದು ಎಚ್ಚರಿಸಿದ. ಬೆನ್ನಿನ ಸೂಜಿಯೇ ಮೇಲೆಂಬ ನಂಬಿಕೆ ಹಲವರಲ್ಲಿ ಬೇರೂರಿತು.

ಅದನ್ನು ದೊಡ್ಡದಾಗಿ ತೂಗಿ ನೋಡಿದ ಪರೀಕ್ಷೆ ಪ್ರಕಟವಾದದ್ದು 2021ರಲ್ಲಿ. ಅಮೆರಿಕ, ಕೆನಡಗಳಲ್ಲಿ ಸೊಂಟ ಮುರಿದ 1,600 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿದರು. ಎರಡರಲ್ಲೂ 100ಕ್ಕೆ ಸುಮಾರು 20 ಮಂದಿಗೆ ಮತಿ ಕಲಕಿತು! ಮುಪ್ಪು, ನೋವು, ಸೋಂಕು, ನಿದ್ದೆಗೇಡು—ಕಾರಣಗಳು ಹಲವು.

ಕನ್ನಡಕ ಹಾಕಿಸಿ, ಮನೆಯ ಮಾತಾಡುತ್ತ ಪಕ್ಕದಲ್ಲೇ ಕುಳಿತೆವು. ಐದನೆಯ ದಿನ ತಾಯಿ ನನ್ನ ಹೆಸರು ಹಿಡಿದು, “ಕಾಫಿ ತಂದೆಯಾ?” ಎಂದರು. ಆ ಅಂಕಿಗಳನ್ನು ನಾನು ಓದಿದ್ದು ಆಮೇಲೆ; ಎದೆಯ ಮೇಲಿನ ಕಲ್ಲು ಇಳಿದದ್ದೂ ಆಗಲೇ.